ಡ್ರ್ಯಾಗನ್ನಿನ ಹಿಂಗಾಲು

ಇಪ್ಪತ್ತಾರು ವರ್ಷ ದರ್ಜಿಯಮ್ಮ ಹೊಲಿದದ್ದೆಲ್ಲ ಶಾಲೆಯ ಸಮವಸ್ತ್ರ. ನೀಲಿ ಲಂಗ, ಬಿಳಿ ಅಂಗಿ, ಮತ್ತೆ ನೀಲಿ ಲಂಗ. ಕೆಲಸ ಮಾಡುವಾಗ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ, ಅಳತೆಗೆ ಬಂದವರೆಲ್ಲ ಆಕೆಯನ್ನು ಭಾರೀ ಸಿಡುಕಿ ಎಂದೇ ನಂಬಿದ್ದರು. ನಿಜಕ್ಕೂ ಆಕೆ ನಗೆಬುರುಕಿ. ಶಾಲೆಯಲ್ಲಿದ್ದಾಗ ಪ್ರಾರ್ಥನೆಯ ಸಾಲಿನಿಂದ ಎರಡು ಸಲ ಆಕೆಯನ್ನು ಹೊರಗೆ ಕಳಿಸಿದ್ದು ಅದಕ್ಕೇ.

ಅಂಗಡಿಯ ಮೇಲಿನ ಹಜಾರವನ್ನು ಯುವಕರ ನಾಟಕ ತಂಡವೊಂದು ಬಾಡಿಗೆಗೆ ಹಿಡಿದದ್ದೇ ತಡ, ದರ್ಜಿಯಮ್ಮನ ತಲೆಯ ಮೇಲೆ ಆನೆ ಕುಣಿಯತೊಡಗಿತು. ಸಂಜೆ ಐದಾದರೆ ಸಾಕು, ಧಡ್, ಧಡ್, ಧಡಧಡ. ಚಾವಣಿಯ ಸುಣ್ಣ ಉದುರಿ ನೀಲಿ ಲಂಗಗಳೆಲ್ಲ ಚುಕ್ಕಿ ಚುಕ್ಕಿ. ಮೂರನೆಯ ದಿನ ಆಕೆ ಅಳತೆಯ ಟೇಪನ್ನು ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಜಗಳಕ್ಕೆಂದು ಮೆಟ್ಟಿಲು ಹತ್ತಿದಳು.

ಬಾಗಿಲಲ್ಲೇ ಎದುರಾದವಳು ಅಣ್ಣನ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ.

"ನೀನೂ ಇದರಲ್ಲಿದ್ದೀಯೇನೇ?"

"ನಾನೇ ಡ್ರ್ಯಾಗನ್ ಅತ್ತೆ. ಮುಂದಿನ ಅರ್ಧ."

"ಹಿಂದಿನ ಅರ್ಧ?"

"ನಾನು," ಎಂದು ಕೈಯೆತ್ತಿದ, ತಂಡದಲ್ಲೆಲ್ಲ ಎತ್ತರದವನಾದ ಅಂಚೆಯಣ್ಣ.

ಕಥೆ ಹೀಗಿತ್ತು. ರಾಜಕುಮಾರಿಯೊಬ್ಬಳು ಡ್ರ್ಯಾಗನ್ನನ್ನು ಹೊತ್ತೊಯ್ದು ಅರಮನೆಯಲ್ಲಿ ಕೂಡಿಹಾಕುತ್ತಾಳೆ. ಅದು ನನ್ನನ್ನು ಮನೆಗೆ ಕಳಿಸಿ ಎಂದು ಹಾಡಿ ಹಾಡಿ ಅಳುತ್ತದೆ. ಇಷ್ಟು ಕೇಳುವಷ್ಟರಲ್ಲಿ ದರ್ಜಿಯಮ್ಮ ಬಂದ ಕೆಲಸ ಮರೆತಿದ್ದಳು. ಇಳಿದು ಬರುವಾಗ ಕೈಯಲ್ಲಿ ಡ್ರ್ಯಾಗನ್ನಿನ ಅಳತೆಯ ಚೀಟಿ.

ಹಳೆಯ ಹಸಿರು ಪರದೆಗಳನ್ನು ಕತ್ತರಿಸಿ, ಒಳಗೆ ಸ್ಪಂಜು ತುಂಬಿ, ಬೆನ್ನುದ್ದಕ್ಕೂ ಮುಳ್ಳು ನಿಲ್ಲಿಸಿ, ನಡುವಿನ ಜೋಡಣೆಗೆ ಮೂರು ಸುತ್ತು ಹೊಲಿಗೆ ಹಾಕಿದಳು. ಎರಡು ತಿಂಗಳು ಅವರು ಮೇಲೆ ಕುಣಿದರು, ಕೆಳಗೆ ಈಕೆ ಹೊಲಿದಳು. ಹೊಲಿಗೆ ಯಂತ್ರ ತುಳಿಯುವ ಕಾಲು ತನಗೇ ತಿಳಿಯದಂತೆ ಅವರ ತಾಳ ಹಿಡಿಯಿತು.

ಪ್ರದರ್ಶನ ಭಾನುವಾರ ಮಧ್ಯಾಹ್ನ ಮೂರಕ್ಕೆ. ಅರ್ಧ ಗಂಟೆ ಮುಂಚೆ ಅಂಚೆಯಣ್ಣ ಸಂಭ್ರಮದಲ್ಲಿ ರಂಗದ ಮೆಟ್ಟಿಲಿನಿಂದ ಹಾರಿದ. ಕಾಲು ಉಳುಕಿ ಬನ್ನಿನ ಹಾಗೆ ಊದಿಕೊಂಡಿತು. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಹಗಲಲ್ಲಿ ಬ್ಯಾಂಕಿನ ಗುಮಾಸ್ತನಾದ ಅವನಿಗೆ ಇಂಥ ಅನಾಹುತಗಳ ಅಭ್ಯಾಸವಿರಲಿಲ್ಲ.

"ಹಿಂಗಾಲಿನ ಹೆಜ್ಜೆ ಯಾರಿಗೆ ಗೊತ್ತು?"

ಎಲ್ಲರಿಗೂ ಅವರವರ ಪಾತ್ರವೇ ಸಾಕಾಗಿತ್ತು. ಬಾಲಕ್ಕೆ ಕೊಕ್ಕೆ ಹಾಕುತ್ತಿದ್ದ ದರ್ಜಿಯಮ್ಮ ತಲೆಯೆತ್ತದೆ ಹೇಳಿದಳು: "ಮೂರು ಮೆಲ್ಲಗೆ, ಎರಡು ಜೋರು, ಆಮೇಲೆ ಒಂದು ಸುತ್ತು."

"ನಿಮಗೆ ಹೇಗೆ ಗೊತ್ತು?"

"ಎರಡು ತಿಂಗಳು ನನ್ನ ತಲೆ ಮೇಲೇ ಕುಣಿದಿದ್ದೀರಲ್ಲಪ್ಪ."

ಐದು ನಿಮಿಷದಲ್ಲಿ ಆಕೆ ಡ್ರ್ಯಾಗನ್ನಿನ ಹೊಟ್ಟೆಯೊಳಗಿದ್ದಳು. ಒಳಗೆ ಅಂಟಿನ ವಾಸನೆ, ಕತ್ತಲೆ, ಬಗ್ಗಿದ ಬೆನ್ನು. ಎರಡೂ ಕೈಯಲ್ಲಿ ಹುಡುಗಿಯ ಸೊಂಟ. ತೆರೆ ಸರಿದು ಮೊದಲ ಹಾಡು ಶುರುವಾದ ಮೇಲೆಯೇ ಆಕೆಗೆ ಹೊಳೆದದ್ದು, ಚಾವಣಿ ತನಗೆ ಹೆಜ್ಜೆಯ ಲೆಕ್ಕ ಹೇಳಿತ್ತೇ ಹೊರತು ದಿಕ್ಕು ಹೇಳಿರಲಿಲ್ಲ ಎಂದು.

ಡ್ರ್ಯಾಗನ್ನಿನ ತಲೆ ಬಲಕ್ಕೆ ಹೋಯಿತು. ಬಾಲ ಎಡಕ್ಕೆ ಹೋಯಿತು. ಹೊಟ್ಟೆ ಎಳೆದ ರಬ್ಬರಿನಂತೆ ಉದ್ದವಾಯಿತು. ನಡುವಿನ ಹೊಲಿಗೆ ಕಿರುಗುಟ್ಟಿತು, ಬಿಡಲಿಲ್ಲ. ಸಭೆ ಗೊಳ್ಳೆಂದಿತು.

"ಬಲಕ್ಕೆ ಅತ್ತೆ, ಬಲಕ್ಕೆ," ಹುಡುಗಿ ಪಿಸುಗುಟ್ಟಿದಳು.

"ನನ್ನ ಬಲವೋ, ನಿನ್ನ ಬಲವೋ?"

"ಇಬ್ಬರದೂ ಒಂದೇ ಕಡೆ ಅಲ್ವಾ?"

ಅಷ್ಟೇ ಸಾಕಾಯಿತು. ಆಕೆಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಮುಂದೆ ಡ್ರ್ಯಾಗನ್ ಕಣ್ಣೊರೆಸಿಕೊಂಡು ಬಿಕ್ಕುತ್ತಿದ್ದರೆ ಹಿಂದೆ ಅದರ ಪೃಷ್ಠ ಗಡಗಡ ಕುಲುಕುತ್ತಿತ್ತು. ರಾಜನ ಪಾತ್ರದವನಿಗೆ ಬಾಯಿಪಾಠದ ಮಾತು ಹಾರಿಹೋಯಿತು. ತೋಚಿದ್ದನ್ನು ಹೇಳಿಬಿಟ್ಟ:

"ಮಂತ್ರಿಗಳೇ, ಈ ಪ್ರಾಣಿಯ ಮುಂಭಾಗ ಅಳ್ತಾ ಇದೆ, ಹಿಂಭಾಗ ನಗ್ತಾ ಇದೆ. ಯಾವುದನ್ನ ನಂಬೋಣ?"

ಮಂತ್ರಿಗೆ ಅಲ್ಲಿ ಮಾತೇ ಇರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡ. "ಹಿಂಭಾಗಕ್ಕೆ ಬೇರೆ ವಕೀಲರನ್ನ ಇಡೋಣ, ಪ್ರಭು."

ಆಗಲೇ ಸುತ್ತು ಬಂತು. ಒಂದು ಸುತ್ತಿನ ಬದಲು ಆಕೆ ಮೂರು ಸುತ್ತಿದಳು. ಬಾಲದ ಮುಳ್ಳಿಗೆ ಮಂತ್ರಿಯ ಗಡ್ಡ ಸಿಕ್ಕಿಕೊಂಡು ಕಿತ್ತು ಬಂತು. ಅವನು ಗಲ್ಲ ಮುಚ್ಚಿಕೊಂಡೇ ಹಾಡು ಮುಗಿಸಿದ. ಜನ ನಕ್ಕು ನಕ್ಕು ಕುರ್ಚಿಯಿಂದ ಜಾರುವುದೊಂದು ಬಾಕಿ.

ಎರಡನೆಯ ಸಾಲಿನಲ್ಲಿ ದರ್ಜಿಯಮ್ಮನ ಗಂಡನಿದ್ದ. ಕೈಗಡಿಯಾರ ರಿಪೇರಿಯವನು, ಹೊತ್ತು ತಪ್ಪಿದರೆ ಸಹಿಸದವನು. ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಹೆಂಡತಿಗಾಗಿ ಕಾದು ಕಾದು ಮುಖ ದಪ್ಪ ಮಾಡಿಕೊಂಡಿದ್ದ. ನಾಟಕ ಮುಗಿದು ಕಲಾವಿದರೆಲ್ಲ ಸಾಲಾಗಿ ನಿಂತಾಗ ಡ್ರ್ಯಾಗನ್ನಿನ ಹಿಂದಿನ ಅರ್ಧದಿಂದ ಕೆದರಿದ ಕೂದಲಿನ ತನ್ನ ಹೆಂಡತಿಯೇ ಹೊರಬಂದದ್ದು ಕಂಡು ಎದ್ದು ನಿಂತವನು ಕೂರುವುದನ್ನೇ ಮರೆತ.

ಒಳಗೆ ಬಂದು ಹೇಳಿದ: "ಹಿಂಗಾಲಿನವನು ಯಾರೋ ಕುಡಿದು ಬಂದಿದ್ದಾನೆ ಅಂತ ಪಕ್ಕದವರಿಗೆ ಹೇಳ್ತಿದ್ದೆ ಕಣೇ."

"ಅವರೇನಂದ್ರು?"

"ಎಲ್ಲರಿಗಿಂತ ಅವನೇ ಚೆನ್ನಾಗಿ ಮಾಡ್ತಿದ್ದಾನೆ ಅಂದ್ರು."

"ನೀವೇನಂದ್ರಿ?"

"ನಕ್ಕು ನಕ್ಕು ಮಾತಾಡೋಕೆ ಉಸಿರಿದ್ರೆ ತಾನೇ?"

ಮರುವಾರ ಇನ್ನೊಂದು ಪ್ರದರ್ಶನ. ಹೋದ ಸಲದಂತೆಯೇ ಮಾಡಬೇಕೆಂದು ಎಲ್ಲರೂ ದುಂಬಾಲು ಬಿದ್ದರು. ಕಷ್ಟ ಶುರುವಾದದ್ದು ಅಲ್ಲಿ. ಅಭ್ಯಾಸಕ್ಕೆಂದು ಎರಡು ಸಂಜೆ ಹೋದ ದರ್ಜಿಯಮ್ಮನಿಗೆ ದಿಕ್ಕುಗಳೆಲ್ಲ ರೂಢಿಯಾಗಿಹೋದವು. ಈಗ ಆಕೆ ಬೇಕೆಂದರೂ ತಪ್ಪಲಾರಳು. ಅಳತೆ ಹಿಡಿದಂತೆ ಬಲಕ್ಕೆ, ಅಳತೆ ಹಿಡಿದಂತೆ ಎಡಕ್ಕೆ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ತಪ್ಪು ಮಾಡಿ," ಎಂದ ನಿರ್ದೇಶಕ.

ಕೊನೆಗೆ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಿಂದ ತಪ್ಪುಗಳ ಗುರುತು ಹಾಕಿಕೊಟ್ಟಳು. ಗಡಿಯಾರದ ಗಂಡ ಮೂಲೆಯಲ್ಲಿ ಕೂತು ಯಾವ ತಪ್ಪು ಎಷ್ಟು ಸೆಕೆಂಡಿಗೆ ಬರಬೇಕೆಂದು ಎಣಿಸಿದ. ವಾರದ ಉಳಿದ ಸಂಜೆಗಳೆಲ್ಲ ತಾಲೀಮು ಮಾಡಿದ ಮೇಲೆ ಆಕೆಯ ತಪ್ಪುಗಳು ಮತ್ತೆ ಸರಿಹೋದವು, ಸಭೆ ಮತ್ತೆ ಉರುಳಾಡಿತು. ಅಂಚೆಯಣ್ಣನ ಕಾಲು ವಾಸಿಯಾದ ಮೇಲೆ ಅವನಿಗೆ ಕಾವಲುಗಾರನ ಪಾತ್ರ ಕೊಟ್ಟರು. ಅದರಲ್ಲಾದರೆ ಮುಖ ಕಾಣುತ್ತದೆಂದು ಅವನಿಗೂ ಖುಷಿ.

ಮುಂದಿನ ನಾಟಕದಲ್ಲಿ ದರ್ಜಿಯಮ್ಮನಿಗೆ ಮಾತಿರುವ ಪಾತ್ರ: ರಾಜನ ಚಿಕ್ಕಮ್ಮ, ಮೊಸಳೆಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದವಳು. ಅಡುಗೆಮನೆಯಲ್ಲಿ ಗಂಡ ಮೊಸಳೆಯ ಮಾತುಗಳನ್ನು ಓದಿಕೊಡುತ್ತಾನೆ. ಹಾಡು ಬಂದಾಗ ತಟ್ಟೆ ಬಡಿದು ತಾಳ ಹಾಕುವವನೂ ಅವನೇ.