ಒಂದೇ ಬಾಲದ ಪದಗಳು

ನನ್ನ ತಂಗಿ ನರ್ಸಿಂಗ್ ಪಾಠ ಬಾಯಿಪಾಠ ಮಾಡಿದ್ದು ನನ್ನ ಹೊಲಿಗೆ ಮಷೀನಿನ ಪಕ್ಕದಲ್ಲಿ ಕೂತು. ಅಲ್ಲಿಯವರೆಗೆ ಕನ್ನಡದಲ್ಲೇ ಓದಿದವಳು ಮೊದಲ ರಜೆಗೆ ಶಿರಾಲಿಯ ಮನೆಗೆ ಬಂದವಳೇ ಪುಸ್ತಕವನ್ನು ನೆಲಕ್ಕೆ ಬಿಸಾಡಿದಳು. "ಒಂದೊಂದು ಪದ ದೋಣಿಯಷ್ಟು ಉದ್ದ ಇದೆ ಅಕ್ಕಾ, ನನ್ ಕೈಲಿ ಆಗೂದಿಲ್ಲ" ಎಂದು ಅತ್ತಳು.

ನಾನು ಎಸ್ಸೆಸ್ಸೆಲ್ಸಿಗೇ ಓದಿಗೆ ಕೈಮುಗಿದು ರವಿಕೆ ಹೊಲಿಯಲು ಕೂತವಳು. ಆದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಪುಸ್ತಕ ಎತ್ತಿ ನೋಡಿದೆ. ಅಪೆಂಡಿಸೈಟಿಸ್, ಟಾನ್ಸಿಲೈಟಿಸ್, ಗ್ಯಾಸ್ಟ್ರೋಎಂಟರೈಟಿಸ್. ಪದ ಉದ್ದ ಹೌದು, ಬಾಲ ಮಾತ್ರ ಎಲ್ಲಕ್ಕೂ ಒಂದೇ: ಐ, ಟಿ, ಐ, ಎಸ್. "ಈ ಬಾಲಕ್ಕೆ ಎಂತ ಅರ್ಥ ನೋಡೇ" ಎಂದೆ. ಊತ ಅಂತೆ. "ಅಷ್ಟೇನಾ ಮಾರಾಯ್ತಿ! ಮೊದಲು ಬಾಲ ಹಿಡಿ, ತಲೆ ಆಮೇಲೆ ನೋಡ್ವಾ."

ಹಾಗೆ ಶುರುವಾಯಿತು ನಮ್ಮ ಆಟ. ನಾನು ಒಂದು ಬಾಲ ಕೂಗಿ ಪೆಡಲು ತುಳಿಯಬೇಕು, ಹೊಲಿಗೆ ಬಟ್ಟೆಯ ತುದಿ ಮುಟ್ಟುವುದರೊಳಗೆ ಅವಳು ಉತ್ತರ ಹೇಳಬೇಕು. ತಪ್ಪಿದರೆ ಒಂದು ರವಿಕೆಗೆ ಹುಕ್ಕು ಹಾಕಬೇಕು. ಹುಕ್ಕು ಹಾಕುವುದೆಂದರೆ ಅವಳಿಗೆ ಪ್ರಾಣಸಂಕಟ. "ಐಟಿಸ್?" "ಊತ!" "ಎಕ್ಟಮಿ?" "ಕತ್ತರಿಸಿ ತೆಗೆಯೂದು!" "ಓಮಾ?" "ಗಡ್ಡೆ!" ಮೀನು ಮಾರಿ ಬಂದ ಅವ್ವ ಖಾಲಿ ಬುಟ್ಟಿ ಇಳಿಸಿ, "ಎಂತದ್ರೇ ಇದು, ಮಂತ್ರ ಕಲೀತ್ರಾ?" ಎಂದು ನಗುತ್ತಿದ್ದಳು. ತಂಗಿ ಪಾಸಾದಳು, ಭಟ್ಕಳದಲ್ಲಿ ನರ್ಸ್ ಆದಳು. ನನಗೂ ಆ ಪದಗಳು ಅಂಟಿಕೊಂಡೇ ಉಳಿದವು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ತಂಗಿಯೇ ಕುಮಟಾದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಮತ್ತೆ ಹೋದ ದಿನ ಡಾಕ್ಟರು ನನ್ನ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಆಮೇಲೆ ಇಂಗ್ಲಿಷಿಗೆ ಇಳಿದರು.

ನಮ್ಮ ಕಡೆ ಇದು ಪದ್ಧತಿ. ದೊಡ್ಡ ರೋಗವಾದರೆ ರೋಗಿಗೆ ಹೆಸರು ಹೇಳುವುದಿಲ್ಲ. ಅವನ ಎದುರಿಗೇ ಇಂಗ್ಲಿಷಿನಲ್ಲಿ ಎಲ್ಲ ಮಾತಾಡಿ ಮುಗಿಸಿ, ಅವನಿಗೆ ಮಾತ್ರ "ಎಂತದೂ ಇಲ್ಲ, ಗ್ಯಾಸು" ಎನ್ನುತ್ತಾರೆ. ನಮ್ಮ ಅಪ್ಪ ಗ್ಯಾಸಿನ ಗುಳಿಗೆ ನುಂಗುತ್ತ ನುಂಗುತ್ತಲೇ ಹೋದ. ಮುಂದಿನ ಹಂಗಾಮಿಗೆ ಬಲೆ ರಿಪೇರಿ ಮಾಡಿಸಬೇಕು ಅನ್ನುತ್ತಿದ್ದ, ಪಾಪ.

ನಾನು ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂತಿದ್ದೆ. ಅವರ ಇಂಗ್ಲಿಷೆಲ್ಲ ನನಗೆಲ್ಲಿ ಅರ್ಥವಾಗಬೇಕು? ಆದರೆ ಎರಡು ಪದ ಕಿವಿಗೆ ಬಿದ್ದವು. ಒಂದರ ಬಾಲ ಓಮಾ, ಇನ್ನೊಂದರ ಬಾಲ ಎಕ್ಟಮಿ. ಎರಡರ ತಲೆಯೂ ಆ ಪುಸ್ತಕದಲ್ಲಿ ಇದ್ದದ್ದೇ. ಎಂದೋ ಕಲಿತದ್ದು, ನನ್ನ ನೆನಪೇ ತಪ್ಪಿರಲಿ ದೇವರೇ ಅಂದುಕೊಂಡೆ.

ಹೊರಗೆ ಬಂದಮೇಲೆ ತಂಗಿ ಎಳನೀರು ಕೊಡಿಸಿದಳು. ಎಂದೂ ಕೊಡಿಸಿದವಳಲ್ಲ. "ಕೊಬ್ಬಿನ ಗಡ್ಡೆಯಂತೆ ಅಕ್ಕಾ, ಎಂತದೂ ಇಲ್ಲ. ಮಂಗಳೂರಲ್ಲಿ ಒಂದು ಸಣ್ಣ ಆಪರೇಷನ್ ಮಾಡ್ಸಿದ್ರೆ ಆತು" ಎಂದಳು. ನೋಟ ರಸ್ತೆಯ ಮೇಲೆ. ಕೊಬ್ಬಿನ ಗಡ್ಡೆಗೆ ಲೈಪೋಮಾ ಅನ್ನುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಡಾಕ್ಟರು ಹೇಳಿದ ಪದ ಅದಲ್ಲ.

ಬಸ್ಸು ಹತ್ತಿದೆವು. ಕರ್ಕಿ ದಾಟುವವರೆಗೂ ಅವಳು ಕಿಟಕಿ ಕಡೆ, ನಾನು ಅವಳ ಕಡೆ. ಸಿಟ್ಟು ನೆತ್ತಿಗೇರಿತ್ತು. ನನ್ನ ಮೈ, ನನ್ನ ಎದೆ. ಊರಿನ ಅರ್ಧ ಹೆಂಗಸರ ಎದೆ ಅಳತೆ ತೆಗೆದವಳು ನಾನು, ನನ್ನ ಎದೆಗೆ ಏನಾಗುತ್ತದೆಂದು ನನಗೇ ಹೇಳುವುದಿಲ್ಲವಂತೆ! ಏನೂ ತಿಳಿಯದೆ ಆಪರೇಷನ್ ಮೇಜಿನ ಮೇಲೆ ಮಲಗಿ, ಎಚ್ಚರವಾದ ಮೇಲೆ ಮೈ ಮುಟ್ಟಿ ನೋಡಿ ತಿಳಿಯಬೇಕಾ? ಬೇಡ. ಅವಳ ಬಾಯಿಂದಲೇ ಕೇಳಬೇಕಿತ್ತು ನನಗೆ.

ಹೊನ್ನಾವರ ಬಿಟ್ಟು ಬಸ್ಸು ಶರಾವತಿ ಸೇತುವೆ ಏರಿತು. ನಾನು ಚಪ್ಪಲಿ ಬಿಟ್ಟು, ಬಸ್ಸಿನ ನೆಲದ ಮೇಲೆ ಪೆಡಲು ತುಳಿದ ಹಾಗೆ ಪಾದ ಆಡಿಸತೊಡಗಿದೆ.

"ಓಮಾ?" ಎಂದೆ.

ತಂಗಿ ಬೆಚ್ಚಿ ತಿರುಗಿದಳು. ನನ್ನ ಪಾದ ನೋಡಿದಳು. "ಸುಮ್ನಿರು ಅಕ್ಕಾ."

"ಓಮಾ ಹೇಳೇ."

"ಗಡ್ಡೆ."

"ಕಾರ್ಸಿನೋಮಾ?"

ಅವಳು ನನ್ನ ತೋಳು ಹಿಡಿದುಕೊಂಡಳು. ಈ ಪಾಠ ಅವಳಿಂದ ಒಪ್ಪಿಸಿಕೊಂಡವಳು ನಾನೇ ಎಂಬುದು ಅವಳಿಗೆ ಮರೆತೇ ಹೋಗಿತ್ತು. ನಾನು ಬಿಡಲಿಲ್ಲ. "ಮ್ಯಾಸ್ಟೆಕ್ಟಮಿ? ಬೇಗ ಹೇಳು, ಸೇತುವೆ ಮುಗೀತಾ ಬಂತು."

"ಕ್ಯಾನ್ಸರ್, ಅಕ್ಕಾ" ಎಂದಳು, ನನಗಷ್ಟೇ ಕೇಳುವ ಹಾಗೆ. "ಎಡಗಡೆ ಎದೆ ಪೂರ್ತಿ ತೆಗೀಬೇಕು ಅಂದ್ರು."

ನನ್ನ ಪಾದ ನಿಂತಿತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಎಷ್ಟು ಜನ ರೋಗಿಗಳನ್ನು ಸಂತೈಸಿದವಳೋ, ನನ್ನ ಮುಂದೆ ಮತ್ತೆ ಆ ರಜೆಗೆ ಬಂದ ಹುಡುಗಿಯೇ. ನಾನು ಅವಳ ಕೈ ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

"ಆತು, ಅಳಬೇಡ. ಸೇತುವೆ ಮುಗಿಯೂದ್ರೊಳಗೇ ಹೇಳಿದೆ, ಹುಕ್ಕು ಹಾಕೂದು ತಪ್ಪಿತು ನಿಂಗೆ" ಎಂದೆ. "ಇನ್ನು ಮೇಲೆ ನನ್ನೆದುರು ಕನ್ನಡದಲ್ಲೇ ಮಾತಾಡಿ. ನೀನೂ, ನಿನ್ ಡಾಕ್ಟ್ರೂ."

ಅವಳು ಅಳುತ್ತಲೇ ಆತು ಎಂದಳು.