ಹತ್ತು ಗಂಟೆಯ ಬಾಟಲಿ

ನಮ್ಮತ್ತಿಗೆ, ಎಂದರೆ ನನ್ನ ಗಂಡನ ಅಕ್ಕ, ಹಾಲಿನವನು ಕಣ್ಣೆದುರಿಗೇ ಅಳೆದ ಹಾಲನ್ನೂ ಒಳಗೆ ಹೋಗಿ ಇನ್ನೊಮ್ಮೆ ಅಳೆಯುವವರು. ಬೀಗ ಹಾಕಿದರೆ ಮೂರು ಸಲ ಜಗ್ಗುತ್ತಾರೆ. ಚೆನ್ನಾಗಿದ್ದೀರಾ ಎಂದು ನಾನು ಕೇಳಿದರೂ, ಇವಳಿಗೇನೋ ಬೇಕಾಗಿದೆ ಎಂಬಂತೆ ನೋಡುತ್ತಾರೆ. ಇಂಥವರಿಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿತ್ತು. ಹೊಳೆಗೆ ಬಿಡುವ ನೀರನ್ನು ಪರೀಕ್ಷಿಸುವುದು. ನಿಯಮದಂತೆ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ, ಬಣ್ಣದ ನೀರನ್ನು ಶುದ್ಧಿಮಾಡುವ ತೊಟ್ಟಿಗಳಲ್ಲಿ ಕೊನೆಯದರ ನಲ್ಲಿಗೆ ಬಾಟಲಿ ಹಿಡಿದು, ಪರೀಕ್ಷಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಒಂಬತ್ತು ವರ್ಷ ಹಾಕಿದ್ದಾರೆ. ಆ ತೊಟ್ಟಿಗಳನ್ನು ನೋಡಿಕೊಳ್ಳುವುದು ನನ್ನ ಗಂಡನ ಕೆಲಸ.

ಈ ವರ್ಷ ಪರಿಸರದ ನಿಯಮಗಳನ್ನು ತಿದ್ದುತ್ತೇವೆ, ಲೋಪ ಕಂಡವರು ಬರೆದುಕೊಡಿ ಎಂದು ಕಂಪನಿ ಎಲ್ಲರಿಗೂ ಒಂದೊಂದು ಫಾರಂ ಕೊಟ್ಟಿತು. ಅತ್ತಿಗೆ ಹಳೆಯ ರಿಜಿಸ್ಟರುಗಳನ್ನೆಲ್ಲ ತಿರುವಿಹಾಕಿ ನೇರ ನಮ್ಮ ಮನೆಗೆ ಬಂದರು.

"ಒಂಬತ್ತು ವರ್ಷದಲ್ಲಿ ಒಂದು ದಿನಾನೂ ನೀರು ಕೆಟ್ಟಿಲ್ಲ ಕಣೇ! ಹೊಳೆ ನೋಡಿದ್ರೆ ಕೆಂಪಗೆ ಹರೀತಿದೆ. ನಿನ್ನ ಗಂಡ ಏನೋ ಮಾಡ್ತಿದಾನೆ."

"ನಿಮ್ಮ ತಮ್ಮ ಅನ್ನಿ," ಎಂದೆ. ಮೈಯೆಲ್ಲ ಉರಿದುಹೋಯಿತು. ಆದರೂ ಅವರು ನನ್ನ ತಲೆಗೆ ಹುಳ ಬಿಟ್ಟೇ ಹೋದರು. ಒಂಬತ್ತೂ ಮುಕ್ಕಾಲಿಗೆ ಫೋನ್ ಮಾಡಿದರೆ ಇವರು ಒಂದು ದಿನವೂ ಎತ್ತಿದ್ದಿಲ್ಲ, ಯಾಕೆ? ಅಂಗಿ ಒಗೆಯುವಾಗ ಜೇಬುಗಳನ್ನೂ ತಡಕಿ ನೋಡಿದೆ. ನಾಚಿಕೆಯಾಯಿತು, ಆದರೂ ತಡಕಿದೆ.

ಮರುದಿನ ಅತ್ತಿಗೆ ಹೇಳದೆ ಕೇಳದೆ ಒಂಬತ್ತೂ ಮುಕ್ಕಾಲಿಗೇ ತೊಟ್ಟಿಯ ಹತ್ತಿರ ಹೋದರು. ಇವರು ಒಳ್ಳೆಯ ನೀರಿನ ಪೈಪನ್ನು ನಲ್ಲಿಯ ಬಾಯಿಗೆ ಸಿಕ್ಕಿಸಿ ಒಳಗೆಲ್ಲ ತೊಳೆಯುತ್ತಿದ್ದರಂತೆ. ಒಂಬತ್ತು ವರ್ಷವೂ ಬಾಟಲಿಗೆ ಬಿದ್ದದ್ದು ನಲ್ಲಿಯೊಳಗೆ ಉಳಿದ ಆ ನೀರೇ.

ಸಂಜೆ ನಮ್ಮ ಮನೆಯಲ್ಲೇ ಪಂಚಾಯಿತಿ.

"ಯಾರೋ ಹೇಳಿಕೊಟ್ಟಿದ್ದು? ಮ್ಯಾನೇಜರಾ?"

"ನೀನೇ ಅಕ್ಕಾ," ಎಂದರು ಇವರು. "ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ನಲ್ಲಿ ಗಲೀಜು, ಕೈಗೆಲ್ಲ ಬಣ್ಣ ಹತ್ತತ್ತೆ ಅಂತ ನನ್ನ ಗ್ರಹಚಾರ ಬಿಡಿಸಿದ್ದೆಯಲ್ಲ. ಅವತ್ತಿಂದ ನೀನು ಬರೋ ಮುಂಚೆ ತೊಳೆದಿಡ್ತೀನಿ."

ನನಗೆ ನಗು ಬಂತು. ಬೆನ್ನಿಗೇ ಹೆದರಿಕೆಯೂ ಆಯಿತು. ಬರೆದುಕೊಟ್ಟರೆ ಇಬ್ಬರ ಕೆಲಸಕ್ಕೂ ಸಂಚಕಾರ. "ಬೇಡ ಅತ್ತಿಗೆ," ಎಂದೆ.

ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಊಟದ ಮೇಜಿನ ಮೇಲೆಯೇ ಫಾರಂ ಹರವಿ, ನೀರು ಹಿಡಿಯುವ ಹೊತ್ತು ದಿನವೂ ಬದಲಾಗಬೇಕು, ತೊಟ್ಟಿಯವರಿಗೆ ಮೊದಲೇ ತಿಳಿದಿರಬಾರದು ಎಂದು ಬರೆದರು. ಲೋಪಕ್ಕೆ ಯಾರು ಕಾರಣ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ತಮ್ಮದೇ ಹೆಸರನ್ನು ಬರೆದು, ಫಾರಂ ನನ್ನ ಕಡೆ ತಳ್ಳಿದರು.

"ನಾನು ಬರೆದದ್ದನ್ನ ಇನ್ನೊಬ್ಬರು ನೋಡಲೇ ಇಲ್ಲವಲ್ಲೇ ಇಷ್ಟು ವರ್ಷ. ಓದು."

ಓದಿದೆ, ಸರಿಯಾಗಿದೆ ಎಂದೆ.

"ಇನ್ನೊಂದು ಸಲ ಓದು," ಎಂದರು.