ಬಾವಲಿಯ ಬುಡದಲ್ಲಿ ಬಿಟ್ಟ ಬೂಟು

ಬೆಳಕವಾಡಿಯ ಶಿವನಂಜಮ್ಮನಿಗೆ ಮನುಷ್ಯರ ಮುಖಕ್ಕಿಂತ ಅವರ ಚಪ್ಪಲಿಯ ಮೇಲೆ ನಂಬಿಕೆ ಜಾಸ್ತಿ. ಮುಖ ಸುಳ್ಳು ಹೇಳುತ್ತದೆ, ಸವೆದ ಹಿಮ್ಮಡಿ ಹೇಳುವುದಿಲ್ಲ ಎನ್ನುವುದು ಅವಳ ವಾದ. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ದೇವಸ್ಥಾನದ ಬಾಗಿಲಲ್ಲಿ, ಆಮೇಲೆ ಐದು ವರ್ಷ ಮದ್ದೂರಿನ ಹತ್ತಿರದ ಮನರಂಜನಾ ಪಾರ್ಕಿನಲ್ಲಿ ಕಂಡವರ ಚಪ್ಪಲಿ ಕಾದಿದ್ದಾಳೆ. ಒಂದು ಜೊತೆಯೂ ಕಳೆದಿಲ್ಲ. ಅದೇ ಅವಳ ಹೆಮ್ಮೆ. ಆದರೆ ಕಾದು ಕಾದು ಅವಳಿಗೆ ಎಲ್ಲರೂ ಕಳ್ಳರಾಗಿಯೇ ಕಾಣುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ!

ಹದಿನೈದು ದಿನದಿಂದ ಅನುಮಾನವೆಲ್ಲ ಮಗಳು ಸೌಮ್ಯಳ ಮೇಲೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ಹುಡುಗಿ, ಫೋನು ಬಂದರೆ ಹಿತ್ತಲಿಗೆ ಹೋಗಿ ‘ಬರ್ತೀನಿ ಸಾರ್’ ಎಂದು ಪಿಸುಗುಟ್ಟುತ್ತಾಳೆ. ಅವತ್ತು ಬೆಳಿಗ್ಗೆಯೂ, “ಮಂಡ್ಯಕ್ಕೆ ಓಯ್ತೀನಿ ಕಣವ್ವ, ಮಾರ್ಕ್ಸ್ ಕಾರ್ಡು ತರ್ಬೇಕು” ಎಂದು ಹೊರಟಿದ್ದಳು.

ಶಿವನಂಜಮ್ಮನ ಜಾಗ ನೀರಾಟದ ಕೊಳದ ಹತ್ತಿರ. ಅವತ್ತು ಬಾವಲಿಯ ಬುಡದಲ್ಲಿ ಚಪ್ಪಲಿ ಕಾಯುವ ಪಟ್ಟಲಮ್ಮ ರಜೆ ಹಾಕಿದ್ದರಿಂದ ಇವಳನ್ನು ಅಲ್ಲಿಗೆ ಕಳಿಸಿದರು. ಬಾವಲಿ ಎಂದರೆ ಪಾರ್ಕಿನ ದೊಡ್ಡ ರೋಲರ್ ಕೋಸ್ಟರ್. ಉಕ್ಕಿನ ಹಳಿ ತಲೆಯ ಮೇಲಿರುತ್ತದೆ, ಕುರ್ಚಿಗಳು ಅದರ ಕೆಳಗೆ ನೇತಾಡುತ್ತವೆ, ಕಾಲಿಗೆ ಆಧಾರವೇ ಇಲ್ಲ. ತಲೆಕೆಳಗಾದಾಗ ಜಾರಿ ಯಾರ ನೆತ್ತಿಗೂ ಬೀಳಬಾರದೆಂದು ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತಬೇಕು.

ಅವಳು ಬಂದಾಗ ಪಾರ್ಕಿನ ಗೇಟು ತೆಗೆದಿರಲಿಲ್ಲ. ಆದರೂ ಬಾವಲಿ ಕಿರುಗುಟ್ಟುತ್ತ ಮೇಲೇರುತ್ತಿತ್ತು. ಚಪ್ಪಲಿ ಬಿಡುವ ಹಲಗೆಯ ಮೇಲೆ ಎರಡೇ ಜೊತೆ. ಒಂದು ಗಂಡಸಿನ ಹೊಳೆಯುವ ಬೂಟು. ಇನ್ನೊಂದು, ಹೋದ ವಾರ ತಾನೇ ನೀಲಿ ದಾರ ಹಾಕಿ ಹೊಲಿದುಕೊಟ್ಟ ಮಗಳ ಚಪ್ಪಲಿ.

ಇಳಿದ ಕೂಡಲೇ ಇಬ್ಬರೂ ಓಡಿಹೋಗುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. “ಬೂಟಿಲ್ದೆ ಎಷ್ಟು ದೂರ ಓಡ್ತಾನೋ ನೋಡೇ ಬುಡ್ತೀನಿ” ಎಂದುಕೊಂಡು, ಬೂಟನ್ನು ಬುತ್ತಿಯ ಚೀಲಕ್ಕೆ ತುರುಕಿದಳು.

ಬಾವಲಿ ಬಂದು ನಿಂತಿತು. ಅವ್ವನನ್ನು ಕಂಡ ಸೌಮ್ಯ ಬಿಳಿಚಿಕೊಂಡಳು. ಜೊತೆಗಿದ್ದವರಿಗೆ ಐವತ್ತರ ಮೇಲೆ ವಯಸ್ಸು. ಅವರು ಬಾವಲಿ ನಡೆಸುವವರನ್ನು ಆರಿಸಲು ಬೆಂಗಳೂರಿನಿಂದ ಬಂದಿದ್ದ ಪಾರ್ಕಿನ ಎಂಜಿನಿಯರು ರಘುನಂದನ್.

“ಎಷ್ಟೋ ಜನರನ್ನ ಹತ್ತಿಸಿ ನೋಡಿದೆ. ತಲೆಕೆಳಗಾದಾಗಲೂ ಕಣ್ಣು ಬಿಟ್ಟು ಬೋಲ್ಟು ನೋಡಿದವಳು ನೀನೊಬ್ಬಳೇ. ಇದನ್ನ ನಡೆಸೋ ಕೆಲಸ ನಿಂದೇ, ಸೋಮವಾರ ಬಾ” ಎಂದವರು ಹಲಗೆಯ ಕಡೆ ತಿರುಗಿದರು. “ನನ್ನ ಶೂ ಎಲ್ಲಿ ಹೋಯ್ತಮ್ಮ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿವನಂಜಮ್ಮ ಚೀಲವನ್ನು ಅವುಚಿಕೊಂಡಳು. ಅವರು ಅದನ್ನು ಬಿಚ್ಚಿಸಿದರು.

ಹೋದ ವರ್ಷ ಮಗಳಿಗೆ ಕೆಲಸ ಕೊಡಲು ಬಂದ ಫೋನನ್ನು ಕಿತ್ತುಕೊಂಡು, ‘ಯಾರ್ಲಾ ನೀನು, ಯಾವೂರು?’ ಎಂದು ಬೈದು ಕೆಡಿಸಿದ್ದು ಅವಳಿಗೆ ನೆನಪಾಯಿತು. ಹುಡುಗಿ ಯಾಕೆ ಮುಚ್ಚಿಟ್ಟಳೆಂದು ಈಗ ತಿಳಿಯಿತು. ಬೂಟು ಬಚ್ಚಿಟ್ಟ ತಾನೇ ಸೌಮ್ಯಳ ತಾಯಿ ಎಂದು ಗೊತ್ತಾದರೆ ಅವಳ ಈ ಕೆಲಸವೂ ಹೋದಂತೆಯೇ.

“ಬೂಟು ಚೆಂದಾಗಿತ್ತು ಸ್ವಾಮಿ. ಆಸೆ ಬಿತ್ತು, ಕದ್ದೆ” ಎಂದಳು.

“ನಾಳೆಯಿಂದ ಬರಬೇಡ” ಎಂದರು ರಘುನಂದನ್.

ಹದಿನೈದು ವರ್ಷದ ಹೆಸರನ್ನು ಮಣ್ಣುಪಾಲು ಮಾಡಿಕೊಂಡು, ಮಗಳ ಕಡೆ ನೋಡದೆ ಶಿವನಂಜಮ್ಮ ಹೊರಟಳು. ಸೌಮ್ಯ ಬರಿಗಾಲಲ್ಲೇ ಬಂದು ಅಡ್ಡ ನಿಂತಳು.

“ಕಳ್ಳಿ ಅಲ್ಲ ಸಾರ್, ನಮ್ಮವ್ವ. ನನ್ ಮ್ಯಾಲಿನ ಅನುಮಾನಕ್ಕೆ ಎತ್ತಿಟ್ಟವ್ಳೆ. ನಂಗೆ ಕೆಲಸ ಕೊಡ್ದಿದ್ರೂ ಸರಿ, ಅವಳ್ನ ಕಳ್ಳಿ ಅನ್ನಬ್ಯಾಡಿ.”

“ಸುಮ್ಕಿರು! ಯಾರಮ್ಮ ನೀನು? ನಂಗೊತ್ತಿಲ್ಲ” ಎಂದು ಗದರುತ್ತಲೇ ಶಿವನಂಜಮ್ಮ ಸೆರಗಿನಿಂದ ಅವಳ ಕಣ್ಣೊರೆಸುತ್ತಿದ್ದಳು.